ಫ್ಯಾನು ನಡುಗುತ್ತದೆಯೇ? ಕಾರಣ ಹುಡುಕೋಣ

ಬೇಸಿಗೆಯ ರಾತ್ರಿ. ಊಟ ಆಗಿದೆ. ಕೂಸು ಮಲಗಿದೆ. ಮೇಲೆ ಫ್ಯಾನು ತಿರುಗುತ್ತಿದೆ. ತಿರುಗುತ್ತ ತಿರುಗುತ್ತ ತೂಗಾಡುತ್ತಿದೆ. "ಟಕ್, ಟಕ್" ಎಂದು ಸಪ್ಪಳ ಬರುತ್ತಿದೆ.

"ಅತ್ತಿ, ಫ್ಯಾನು ಭಾಳ ಅಲ್ಲಾಡಾಕ ಹತ್ತೈತ್ರಿ. ಬಿದ್ದೀತೇನ್ರಿ?" ಎಂದು ಸೊಸೆ ಕೇಳುತ್ತಾಳೆ.

"ಎರಡ ವರ್ಷದಿಂದ ಹಂಗ ಐತಿ ಬಿಡವಾ. ಏನೂ ಆಗೂದಿಲ್ಲ" ಎಂದು ಅತ್ತೆ ಹೇಳುತ್ತಾಳೆ.

ನಿಮ್ಮ ಮನೆಯಲ್ಲೂ ಇಂಥ ಮಾತು ನಡೆದಿರಬಹುದು. ಯಾರ ಮಾತು ಸರಿ? ಸೊಸೆ ಕೇಳಿದ್ದು ಸರಿ. ಫ್ಯಾನು ಸುಮ್ಮನೆ ನಡುಗುವುದಿಲ್ಲ. ನಡುಗುತ್ತಿದೆ ಎಂದರೆ ಎಲ್ಲೋ ಒಂದು ದೋಷ ಇದೆ. ಆ ದೋಷ ಬಹಳ ಸಲ ಸಣ್ಣದೇ ಇರುತ್ತದೆ. ಸಣ್ಣದಿದ್ದಾಗಲೇ ಹುಡುಕಿದರೆ ರೊಕ್ಕ ಉಳಿಯುತ್ತದೆ, ಜೀವವೂ ಉಳಿಯುತ್ತದೆ.

ಸೋಲಾಪುರ, ಅಕ್ಕಲಕೋಟೆ, ಜತ್ತ ಕಡೆ ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಆಗ ಫ್ಯಾನು ಬಂದ್ ಮಾಡಿ ಮಲಗಲು ಆಗುವುದಿಲ್ಲ. ಅದಕ್ಕೇ ಬೇಸಿಗೆಗೆ ಮೊದಲು ಒಂದು ದಿನ ಫ್ಯಾನು ತಪಾಸಣೆ ಮಾಡಬೇಕು. ಹೇಗೆ ಎಂದು ಇಲ್ಲಿ ನೋಡೋಣ.

ಸಣ್ಣ ಭಾರ, ದೊಡ್ಡ ಎಳೆತ

ಜೋಳದ ಹೊಲದಲ್ಲಿ ಹಕ್ಕಿ ಓಡಿಸಲು ಕವಣಿ ಬೀಸಿದ್ದೀರಿ. ಕವಣಿಯಲ್ಲಿ ಸಣ್ಣ ಕಲ್ಲು ಇರುತ್ತದೆ. ಮೆಲ್ಲಗೆ ತಿರುಗಿಸಿದರೆ ಕೈಗೆ ಭಾರ ಹತ್ತುವುದಿಲ್ಲ. ಜೋರಾಗಿ ತಿರುಗಿಸಿದರೆ ಅದೇ ಕಲ್ಲು ಕೈಯನ್ನು ಎಳೆಯುತ್ತದೆ. ಕಲ್ಲು ದೊಡ್ಡದಾಗಲಿಲ್ಲ. ವೇಗ ಹೆಚ್ಚಾಯಿತು, ಎಳೆತ ಹೆಚ್ಚಾಯಿತು.

ಫ್ಯಾನಿನ ರೆಕ್ಕೆಯೂ ಹೀಗೆಯೇ. ಮನೆಯಲ್ಲಿ ಸಾಮಾನ್ಯವಾಗಿ 48 ಇಂಚಿನ ಫ್ಯಾನು ಇರುತ್ತದೆ. ಅದು ಪೂರ್ಣ ವೇಗದಲ್ಲಿ ನಿಮಿಷಕ್ಕೆ ಸುಮಾರು 350 ಸುತ್ತು ಹಾಕುತ್ತದೆ. ಆಗ ರೆಕ್ಕೆಯ ತುದಿ ಗಂಟೆಗೆ ಸುಮಾರು 79 ಕಿಲೋಮೀಟರ್ ವೇಗದಲ್ಲಿ ಓಡುತ್ತದೆ. ಅಂದರೆ ರಸ್ತೆಯ ಮೇಲೆ ಜೋರಾಗಿ ಓಡುವ ಬಸ್ಸಿನಷ್ಟು ವೇಗ!

ಮೂರು ರೆಕ್ಕೆಗಳು ಮೂರು ಕಡೆಗೆ ಎಳೆಯುತ್ತವೆ. ಮೂರೂ ಸಮನಾಗಿ ಎಳೆದರೆ ಫ್ಯಾನು ನಡುವೆ ನಿಲ್ಲುತ್ತದೆ. ಒಂದು ಕಂಬಕ್ಕೆ ಮೂರು ಹಗ್ಗ ಕಟ್ಟಿ ಮೂವರು ಎಳೆದ ಹಾಗೆ. ಒಬ್ಬ ಹೆಚ್ಚು ಎಳೆದರೆ ಕಂಬ ಅವನ ಕಡೆಗೆ ವಾಲುತ್ತದೆ.

ಒಂದು ರೆಕ್ಕೆಯ ತುದಿಯಲ್ಲಿ 10 ಗ್ರಾಂ ಭಾರ ಹೆಚ್ಚಿದೆ ಎಂದು ತಿಳಿಯಿರಿ. ಪೂರ್ಣ ವೇಗದಲ್ಲಿ ಅದರ ಎಳೆತ ಸುಮಾರು 800 ಗ್ರಾಂ ಆಗುತ್ತದೆ. ಆ ಎಳೆತ ಸುತ್ತಲೂ ತಿರುಗುತ್ತ ಇರುತ್ತದೆ. ಒಂದು ಸೆಕೆಂಡಿನಲ್ಲಿ ಸುಮಾರು 6 ಸಲ ಫ್ಯಾನನ್ನು ಆ ಕಡೆ ಈ ಕಡೆ ಜಗ್ಗುತ್ತದೆ. ವೇಗ ಅರ್ಧ ಮಾಡಿದರೆ ಎಳೆತ ಕಾಲು ಭಾಗಕ್ಕೆ ಇಳಿಯುತ್ತದೆ. 2ರ ಮೇಲೆ ಸುಮ್ಮನಿದ್ದ ಫ್ಯಾನು 5ರ ಮೇಲೆ ನಡುಗುವುದು ಇದಕ್ಕೇ.

ಹೀಗೆ ಹಗಲು ರಾತ್ರಿ ಜಗ್ಗಿದರೆ ಏನಾಗುತ್ತದೆ? ನಟ್ಟು ಸಡಿಲ ಆಗುತ್ತದೆ. ಬೋಲ್ಟು ಸವೆಯುತ್ತದೆ. ಬೇರಿಂಗು ಕೆಡುತ್ತದೆ. ಕೊನೆಗೆ ಫ್ಯಾನು ಕಳಚಿ ಬೀಳಲೂಬಹುದು. ಕೆಳಗೆ ಯಾರು ಮಲಗಿರುತ್ತಾರೆ? ನೀವೇ ಯೋಚಿಸಿರಿ.

ಕೈ ಹಚ್ಚುವ ಮೊದಲು

ಫ್ಯಾನು ಮುಟ್ಟುವ ಮೊದಲು ಕರೆಂಟು ಬಂದ್ ಮಾಡಬೇಕು. ಗೋಡೆಯ ಸ್ವಿಚ್ಚು ಬಂದ್ ಮಾಡಿದರೆ ಸಾಲದು. ವೈರಿಂಗ್ ತಪ್ಪಾಗಿದ್ದರೆ ಸ್ವಿಚ್ಚು ಬಂದ್ ಇದ್ದರೂ ಫ್ಯಾನಿನ ತಂತಿಯಲ್ಲಿ ಕರೆಂಟು ಇರಬಹುದು. ಮೇನ್ ಸ್ವಿಚ್ಚನ್ನೇ ಬಂದ್ ಮಾಡಿರಿ. ಫ್ಯೂಸು ಇದ್ದರೆ ತೆಗೆದು ನಿಮ್ಮ ಕಿಸೆಯಲ್ಲಿ ಅಥವಾ ಸೆರಗಿನಲ್ಲಿ ಇಟ್ಟುಕೊಳ್ಳಿರಿ. ಮನೆಯವರಿಗೆಲ್ಲ ಹೇಳಿರಿ. ಇಲ್ಲದಿದ್ದರೆ ಯಾರಾದರೂ "ಲೈಟು ಯಾಕ ಹೋತು?" ಎಂದು ಮೇನ್ ಹಾಕಿಬಿಡುತ್ತಾರೆ.

ಮನೆಯಲ್ಲಿ ಇನ್ವರ್ಟರ್ ಇದೆಯೇ? ಹಾಗಾದರೆ ಅದನ್ನೂ ಬಂದ್ ಮಾಡಿರಿ. ಮೇನ್ ಬಂದ್ ಆದರೂ ಇನ್ವರ್ಟರಿನಿಂದ ಫ್ಯಾನಿಗೆ ಕರೆಂಟು ಬರುತ್ತದೆ.

ಗಟ್ಟಿ ಏಣಿ ಅಥವಾ ಗಟ್ಟಿ ಮೇಜು ಬೇಕು. ಮಂಚದ ಮೇಲೆ ಸ್ಟೂಲು ಇಟ್ಟು ಹತ್ತಬಾರದು. ಕೆಳಗೆ ಒಬ್ಬರು ಏಣಿ ಹಿಡಿದು ನಿಲ್ಲಬೇಕು. ಕಾಲಿಗೆ ಒಣಗಿದ ಚಪ್ಪಲಿ ಇರಲಿ. ಕೈ ಒದ್ದೆ ಇರಬಾರದು.

ಇನ್ನೂ ಎರಡು ಸಾಮಾನು ಬೇಕು. ಒಂದು ವಹಿ, ಒಂದು ಪೆನ್ನು. ಏಕೆಂದು ಮುಂದೆ ನೋಡುತ್ತೀರಿ.

ಮೊದಲನೆಯ ತಪಾಸಣೆ: ತೂಗುವ ಜಾಗ

ಕೆಲಸ ಮೇಲಿನಿಂದ ಶುರು ಮಾಡಿರಿ. ಫ್ಯಾನಿನ ಭಾರ ಸುಮಾರು 4–5 ಕಿಲೋ ಇರುತ್ತದೆ. ಆ ಭಾರ ಹೊರುವುದು ಸ್ಲ್ಯಾಬಿನ ಹುಕ್ಕು. ಹುಕ್ಕಿನಿಂದ ಒಂದು ಕಬ್ಬಿಣದ ರಾಡು ತೂಗುತ್ತದೆ. ರಾಡಿನ ಕೆಳಗೆ ಮೋಟರು ಇರುತ್ತದೆ. ರಾಡಿಗೆ ಮೇಲೊಂದು ಕೆಳಗೊಂದು ಬಟ್ಟಲು ಇರುತ್ತವೆ. ಬಟ್ಟಲು ಸರಿಸಿದರೆ ಒಳಗೆ ಬೋಲ್ಟುಗಳು ಕಾಣುತ್ತವೆ.

ಮೇಲಿನ ಬೋಲ್ಟು ನೋಡಿರಿ. ಅದರ ಸುತ್ತ ಒಂದು ರಬ್ಬರು ಇರುತ್ತದೆ. ಹುಕ್ಕಿಗೂ ರಾಡಿಗೂ ನಡುವೆ ಕುಳಿತು ನಡುಕವನ್ನು ನುಂಗುವುದು ಅದರ ಕೆಲಸ. ರಬ್ಬರು ಒಡೆದಿದ್ದರೆ, ಸವೆದಿದ್ದರೆ ಬದಲಿಸಿರಿ. ಬೆಲೆ ಬಹಳ ಇಲ್ಲ.

ಈಗ ಬಹಳ ಮುಖ್ಯ ಮಾತು. ಬೋಲ್ಟಿಗೆ ನಟ್ಟು ಇರುತ್ತದೆ. ನಟ್ಟಿನ ಆಚೆ ಬೋಲ್ಟಿನಲ್ಲಿ ಒಂದು ತೂತು ಇರುತ್ತದೆ. ಆ ತೂತಿನಲ್ಲಿ ಎರಡು ಕಾಲಿನ ಒಂದು ಸಣ್ಣ ಪಿನ್ನು ಇರಬೇಕು. ನೋಡಲು ತಲೆಗೂದಲಿಗೆ ಹಾಕುವ ಪಿನ್ನಿನ ಹಾಗೆ ಇರುತ್ತದೆ. ಇದಕ್ಕೆ ಸ್ಪ್ಲಿಟ್ ಪಿನ್ನು ಎನ್ನುತ್ತಾರೆ. ಅದರ ಎರಡೂ ಕಾಲು ಬೇರೆ ಬೇರೆ ಕಡೆಗೆ ಬಾಗಿರಬೇಕು. ನಟ್ಟು ಸಡಿಲವಾದರೂ ಈ ಪಿನ್ನು ಅದನ್ನು ಹೊರಗೆ ಬರಲು ಬಿಡುವುದಿಲ್ಲ. ಪಿನ್ನು ಇಲ್ಲದಿದ್ದರೆ ನಡುಕಕ್ಕೆ ನಟ್ಟು ಸ್ವಲ್ಪ ಸ್ವಲ್ಪವೇ ತಿರುಗಿ ಒಂದು ದಿನ ಕಳಚುತ್ತದೆ.

ಫ್ಯಾನು ಕೂಡಿಸುವಾಗ ಈ ಪಿನ್ನು ಕಳೆದುಹೋಗುತ್ತದೆ. "ಇರಲಿ ಬಿಡ್ರಿ, ನಟ್ಟು ಬಿಗಿ ಐತಿ" ಎಂದು ಹಾಗೆಯೇ ಬಿಡುತ್ತಾರೆ. ಹಾಗೆ ಬಿಡಬೇಡಿರಿ. ಮೊಳೆ, ತಂತಿ ಸಿಗಿಸಿ ಕೆಲಸ ಮುಗಿಸಬೇಡಿರಿ. ಅಂಗಡಿಯಿಂದ ಸರಿಯಾದ ಪಿನ್ನನ್ನೇ ತಂದು ಹಾಕಿರಿ. ಕೆಳಗಿನ ಬಟ್ಟಲು ಸರಿಸಿ ಅಲ್ಲಿಯ ಬೋಲ್ಟು, ನಟ್ಟು, ಪಿನ್ನು ಕೂಡ ನೋಡಿರಿ.

ಪತ್ರಾದ ಮನೆಯಾದರೆ ಇನ್ನೂ ಜೋಪಾನ. ಕೆಲವರು ಕಟ್ಟಿಗೆಯ ತೊಲೆಗೆ ತಂತಿ ಸುತ್ತಿ ಫ್ಯಾನು ಕಟ್ಟುತ್ತಾರೆ. ತಂತಿ ಸವೆದು ತುಂಡಾಗುತ್ತದೆ. ತೊಲೆಗೆ ಆರುಪಾರು ಬೋಲ್ಟು ಹಾಕಿದ ಗಟ್ಟಿ ಹುಕ್ಕು ಬೇಕು. ರೆಕ್ಕೆ ನೆಲದಿಂದ ಸುಮಾರು 8 ಅಡಿ ಎತ್ತರದಲ್ಲಿ ಇರಬೇಕು. ಕೈ ಎತ್ತಿದರೆ ತಾಗಬಾರದು.

ತೂಗುವ ಜಾಗ ಸರಿ ಇಲ್ಲದಿದ್ದರೆ ಫ್ಯಾನು ಹಾಕಲೇಬೇಡಿರಿ. ಮೊದಲು ಅದನ್ನು ಸರಿ ಮಾಡಿಸಿರಿ.

ಎಲ್ಲ ನೋಡಿ ಆದ ಮೇಲೆ ಬಟ್ಟಲು ಮೊದಲಿನ ಜಾಗಕ್ಕೆ ಏರಿಸಿರಿ. ಮೇಲಿನ ಬಟ್ಟಲು ಸ್ಲ್ಯಾಬಿಗೆ ಒತ್ತಿಕೊಂಡಿರಬಾರದು. ಸ್ವಲ್ಪ ಸಂದು ಇರಲಿ. ಫ್ಯಾನು ಹುಕ್ಕಿನಲ್ಲಿ ತೂಗುವ ವಸ್ತು. ಒಂದಿಷ್ಟು ಅಲುಗುವುದು ಸಹಜ. ಬಟ್ಟಲು ಸ್ಲ್ಯಾಬಿಗೆ ತಾಗಿದರೆ "ಟಕ್, ಟಕ್" ಸಪ್ಪಳ ಬರುತ್ತದೆ.

ಎರಡನೆಯ ತಪಾಸಣೆ: ಧೂಳು

ರೆಕ್ಕೆಯ ಮೇಲಿನ ಬದಿಯನ್ನು ಬೆರಳಿನಿಂದ ಸವರಿ ನೋಡಿರಿ. ಧೂಳು ದಪ್ಪ ಕುಳಿತಿರುತ್ತದೆ. ಅಡಿಗೆ ಮನೆಯ ಹತ್ತಿರ ಇದ್ದರೆ ಎಣ್ಣೆಯ ಜಿಗುಟು ಇರುತ್ತದೆ. ಮಗ್ಗದ ಮನೆಯಲ್ಲಿ ಹತ್ತಿಯ ಧೂಳು ಹತ್ತಿಕೊಂಡಿರುತ್ತದೆ. ಮೂರೂ ರೆಕ್ಕೆಗೆ ಧೂಳು ಸಮನಾಗಿ ಕೂಡುವುದಿಲ್ಲ. ಒಂದರಿಂದ ಉದುರುತ್ತದೆ, ಒಂದರ ಮೇಲೆ ಉಳಿಯುತ್ತದೆ. ಹೀಗೆ ಭಾರ ಹೆಚ್ಚು ಕಡಿಮೆ ಆಗುತ್ತದೆ.

ಸ್ವಚ್ಛ ಮಾಡಲು ಒಂದು ಸುಲಭ ದಾರಿ ಇದೆ. ಹಳೆಯ ದಿಂಬಿನ ಗವಸು ತೆಗೆದುಕೊಳ್ಳಿರಿ. ರೆಕ್ಕೆಗೆ ತೊಡಿಸಿರಿ. ಮೆಲ್ಲಗೆ ಹೊರಗೆ ಎಳೆಯಿರಿ. ಧೂಳು ಗವಸಿನ ಒಳಗೇ ಬೀಳುತ್ತದೆ, ಹಾಸಿಗೆಯ ಮೇಲೆ ಬೀಳುವುದಿಲ್ಲ. ಆಮೇಲೆ ಸೋಪಿನ ನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಒರೆಸಿರಿ. ಮೋಟರಿನ ಒಳಗೆ ನೀರು ಹೋಗಬಾರದು.

ಒರೆಸುವಾಗ ಒಂದು ಕೈಯಿಂದ ರೆಕ್ಕೆಗೆ ಕೆಳಗಿನಿಂದ ಆಸರೆ ಕೊಡಿರಿ. ಮೇಲಿನಿಂದ ಒತ್ತಿದರೆ ರೆಕ್ಕೆ ಬಾಗುತ್ತದೆ. ದೀಪಾವಳಿಗೆ ಮನೆ ಸ್ವಚ್ಛ ಮಾಡಿದ ಮೇಲೆ ಫ್ಯಾನು ನಡುಗಲು ಶುರುವಾಯಿತೇ? ಒರೆಸುವಾಗ ರೆಕ್ಕೆ ಬಾಗಿರಬಹುದು.

ಮೂರನೆಯ ತಪಾಸಣೆ: ಸ್ಕ್ರೂ

ಪ್ರತಿ ರೆಕ್ಕೆಯನ್ನು ಒಂದು ಕಬ್ಬಿಣದ ಪಟ್ಟಿ ಹಿಡಿದಿರುತ್ತದೆ. ಆ ಪಟ್ಟಿಯನ್ನು ಸ್ಕ್ರೂ ಹಾಕಿ ಮೋಟರಿಗೆ ಕೂಡಿಸಿರುತ್ತಾರೆ. ಒಂದೊಂದಾಗಿ ಎಲ್ಲ ಸ್ಕ್ರೂ ಬಿಗಿ ಮಾಡಿರಿ. ಒಂದೂ ಬಿಡಬೇಡಿರಿ. ಬಿಗಿ ಮಾಡುವಾಗ ಅತಿ ಜೋರು ಹಾಕಬೇಡಿರಿ. ಸ್ಕ್ರೂವಿನ ಆಟೆ ಕೆಟ್ಟುಹೋದರೆ ಅದು ಮುಂದೆ ಹಿಡಿಯುವುದಿಲ್ಲ. ಸ್ಕ್ರೂ ಕೆಳಗಿನ ವಾಶರ್ ಎಲ್ಲದಕ್ಕೂ ಇದೆಯೇ ನೋಡಿರಿ.

ರೆಕ್ಕೆಯಲ್ಲಿ, ಪಟ್ಟಿಯಲ್ಲಿ ಸೀಳು ಇದೆಯೇ? ಇದ್ದರೆ ಆ ರೆಕ್ಕೆ ಬಳಸಬಾರದು. ಹೊಸ ರೆಕ್ಕೆ ತರುವಾಗ ಮೂರನ್ನೂ ಕೂಡಿಯೇ ತನ್ನಿರಿ. ಕಾರ್ಖಾನೆಯಲ್ಲಿ ಮೂರು ರೆಕ್ಕೆಯ ಭಾರ ಸರಿದೂಗಿಸಿ ಒಂದು ಜೊತೆ ಮಾಡಿರುತ್ತಾರೆ. ಬೇರೆ ಫ್ಯಾನಿನ ಒಂದು ರೆಕ್ಕೆ ತಂದು ಹಾಕಿದರೆ ಭಾರ ಕೂಡುವುದಿಲ್ಲ.

ಇಷ್ಟು ಆದ ಮೇಲೆ ಏಣಿ ತೆಗೆಯಿರಿ. ಮೇನ್ ಹಾಕಿರಿ. ಫ್ಯಾನು ಹಾಕಿ ನೋಡಿರಿ. ಎಷ್ಟೋ ಫ್ಯಾನುಗಳು ಇಷ್ಟಕ್ಕೇ ಸುಮ್ಮನಾಗುತ್ತವೆ. ಇನ್ನೂ ನಡುಗಿದರೆ ಮುಂದಿನ ತಪಾಸಣೆ ಮಾಡೋಣ. ಮತ್ತೆ ಮೇನ್ ಬಂದ್ ಮಾಡಲು ಮರೆಯಬೇಡಿರಿ.

ನಾಲ್ಕನೆಯ ತಪಾಸಣೆ: ರೆಕ್ಕೆಯ ಎತ್ತರ

ಮೂರು ರೆಕ್ಕೆಗಳೂ ಒಂದೇ ಎತ್ತರದಲ್ಲಿ ತಿರುಗಬೇಕು. ಒಂದು ಕೆಳಗೆ ಬಾಗಿದರೆ ಫ್ಯಾನು ತೂಗಾಡುತ್ತದೆ.

ಚಾಕಪೀಸಿನಿಂದ ರೆಕ್ಕೆಗಳ ಮೇಲೆ 1, 2, 3 ಎಂದು ಬರೆಯಿರಿ. ಒಂದು ನೇರ ಕೋಲು ತೆಗೆದುಕೊಳ್ಳಿರಿ. ಅದನ್ನು ಸ್ಲ್ಯಾಬಿಗೆ ಆನಿಸಿ ನೆಟ್ಟಗೆ ಹಿಡಿಯಿರಿ. 1ನೆಯ ರೆಕ್ಕೆಯ ತುದಿ ಕೋಲಿಗೆ ತಾಗುವಲ್ಲಿ ಗುರುತು ಮಾಡಿರಿ. ಕೋಲು ಅಲ್ಲಿಯೇ ಇರಲಿ. ಕೈಯಿಂದ ಫ್ಯಾನು ತಿರುಗಿಸಿ 2ನೆಯ ರೆಕ್ಕೆಯನ್ನು ಅದೇ ಜಾಗಕ್ಕೆ ತನ್ನಿರಿ. ಗುರುತು ಮಾಡಿರಿ. ಆಮೇಲೆ 3ನೆಯದು. ಕೋಲಿನ ಜಾಗ ಬದಲಿಸಬಾರದು. ಸ್ಲ್ಯಾಬು ಎಲ್ಲ ಕಡೆ ಸಮ ಇರುವುದಿಲ್ಲ.

ಮೂರು ಗುರುತು ಒಂದರ ಮೇಲೊಂದು ಬಂದರೆ ಸರಿ. ಬೆಂಕಿಕಡ್ಡಿಯ ದಪ್ಪದಷ್ಟು ವ್ಯತ್ಯಾಸ ನಡೆಯುತ್ತದೆ. ಅದಕ್ಕಿಂತ ಹೆಚ್ಚು ಇದ್ದರೆ ದೋಷ ಸಿಕ್ಕಿತು.

ಈಗ ಪ್ರಶ್ನೆ. 3ನೆಯ ರೆಕ್ಕೆ ಕೆಳಗಿದೆ ಎಂದುಕೊಳ್ಳಿರಿ. ತಪ್ಪು ರೆಕ್ಕೆಯದೋ, ಮೋಟರಿನದೋ? ತಿಳಿಯಲು ಒಂದು ಉಪಾಯ ಇದೆ. 3ನೆಯ ರೆಕ್ಕೆಯನ್ನು ಪಟ್ಟಿ ಸಮೇತ ಬಿಚ್ಚಿರಿ. 2ನೆಯದನ್ನೂ ಬಿಚ್ಚಿರಿ. ಎರಡನ್ನೂ ಅದಲುಬದಲು ಮಾಡಿ ಕೂಡಿಸಿರಿ. ಮತ್ತೆ ಅಳೆಯಿರಿ.

ದೋಷ 3ನೆಯ ರೆಕ್ಕೆಯ ಜೊತೆಗೇ ಹೋಯಿತೇ? ಹಾಗಾದರೆ ಆ ರೆಕ್ಕೆ ಅಥವಾ ಅದರ ಪಟ್ಟಿ ಬಾಗಿದೆ. ರೆಕ್ಕೆ ಬದಲಾದರೂ ದೋಷ ಮೊದಲಿನ ಜಾಗದಲ್ಲೇ ಉಳಿಯಿತೇ? ಹಾಗಾದರೆ ಮೋಟರಿನಲ್ಲಿ ರೆಕ್ಕೆ ಕೂಡುವ ಜಾಗ ಕೆಟ್ಟಿದೆ. ಅದು ಮೆಕ್ಯಾನಿಕ್ ಕೆಲಸ.

ಪಟ್ಟಿ ಸ್ವಲ್ಪ ಬಾಗಿದ್ದರೆ ಕೈಯಿಂದ ಮೆಲ್ಲಗೆ ಎತ್ತಿ ಸರಿ ಮಾಡಬಹುದು. ಸುತ್ತಿಗೆಯಿಂದ ಬಡಿಯಬೇಡಿರಿ. ಮತ್ತೆ ಮತ್ತೆ ಬಗ್ಗಿಸಿದರೆ ಸೀಳು ಬಿಡುತ್ತದೆ.

ಐದನೆಯ ತಪಾಸಣೆ: ನಾಣ್ಯ ಹಚ್ಚಿ ನೋಡುವುದು

ಮೇಲಿನ ನಾಲ್ಕೂ ಆದ ಮೇಲೆಯೇ ಇದನ್ನು ಮಾಡಬೇಕು. ಸ್ಕ್ರೂ ಸಡಿಲ ಇದ್ದಾಗ ನಾಣ್ಯ ಹಚ್ಚಿದರೆ ದೋಷ ಮುಚ್ಚಿಹೋಗುತ್ತದೆ. ವಾಸಿ ಆಗುವುದಿಲ್ಲ.

1 ರೂಪಾಯಿ ನಾಣ್ಯ ತೆಗೆದುಕೊಳ್ಳಿರಿ. ಅದರ ಭಾರ ಸುಮಾರು 4 ಗ್ರಾಂ. 1ನೆಯ ರೆಕ್ಕೆಯ ಮೇಲ್ಬದಿಯಲ್ಲಿ, ರೆಕ್ಕೆಯ ನಡುವೆ ಇಡಿರಿ. ಅಗಲ ಟೇಪಿನಿಂದ ರೆಕ್ಕೆಯ ಸುತ್ತಲೂ ಸುತ್ತಿ ಬಿಗಿಯಿರಿ. ಪೂರ್ಣ ವೇಗದಲ್ಲಿ ಈ ನಾಣ್ಯ ಸುಮಾರು 200 ಗ್ರಾಂ ಭಾರದಷ್ಟು ಹೊರಗೆ ಎಳೆಯುತ್ತದೆ. ಟೇಪು ಸಡಿಲ ಇದ್ದರೆ ನಾಣ್ಯ ಕಲ್ಲಿನಂತೆ ಹಾರಿ ಬಡಿಯುತ್ತದೆ. ಆದ್ದರಿಂದ ಮಕ್ಕಳನ್ನು ಹೊರಗೆ ಕಳಿಸಿರಿ. ನೀವು ಬಾಗಿಲ ಹತ್ತಿರ ನಿಲ್ಲಿರಿ. ಫ್ಯಾನು 1ರ ಮೇಲೆ ಹಾಕಿರಿ. ಆಮೇಲೆ 2, ಆಮೇಲೆ 3. ನಡುಕ ಹೆಚ್ಚಾದರೆ ಕೂಡಲೇ ಬಂದ್ ಮಾಡಿರಿ.

ನಾಣ್ಯವನ್ನು 2ನೆಯ ರೆಕ್ಕೆಗೆ, ಆಮೇಲೆ 3ನೆಯ ರೆಕ್ಕೆಗೆ ಹಚ್ಚಿ ಹೀಗೆಯೇ ನೋಡಿರಿ. ಪ್ರತಿ ಸಲ ವಹಿಯಲ್ಲಿ ಬರೆಯಿರಿ:

ನಾಣ್ಯ ಇಲ್ಲದಾಗ – ನಡುಕ ಇತ್ತು.
1ನೆಯ ರೆಕ್ಕೆ – ನಡುಕ ಹೆಚ್ಚಾಯಿತು.
2ನೆಯ ರೆಕ್ಕೆ – ನಡುಕ ಕಡಿಮೆ ಆಯಿತು.
3ನೆಯ ರೆಕ್ಕೆ – ಮೊದಲಿನಷ್ಟೇ ಇದೆ.

ಇದನ್ನು ಓದಿದರೆ ಏನು ತಿಳಿಯುತ್ತದೆ? 2ನೆಯ ರೆಕ್ಕೆ ಹಗುರ ಇದೆ. ನಾಣ್ಯ ಅದಕ್ಕೇ ಬೇಕು. ಈಗ ಅದೇ ರೆಕ್ಕೆಯಲ್ಲಿ ನಾಣ್ಯವನ್ನು ಸ್ವಲ್ಪ ಒಳಗೆ, ಸ್ವಲ್ಪ ಹೊರಗೆ ಸರಿಸಿ ನೋಡಿರಿ. ನಡುಕ ಎಲ್ಲಿ ಬಹಳ ಕಡಿಮೆಯೋ ಅಲ್ಲಿ ಗುರುತು ಮಾಡಿರಿ. ನಾಣ್ಯವನ್ನು ಹಾಗೆಯೇ ಬಿಡಬೇಡಿರಿ. ಟೇಪು ಬಿಸಿಲಿನ ಕಾವಿಗೆ ಬಿಡುತ್ತದೆ. ಫ್ಯಾನಿನ ರೆಕ್ಕೆಗೆ ಅಂಟಿಸುವ ತೂಕದ ಬಿಲ್ಲೆಗಳು ಸಿಗುತ್ತವೆ. ನಾಣ್ಯದಷ್ಟೇ ತೂಕದ ಬಿಲ್ಲೆಯನ್ನು ಅಲ್ಲಿ ಗಟ್ಟಿಯಾಗಿ ಹಚ್ಚಿಸಿರಿ.

ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿದ್ದನ್ನು ಗಮನಿಸಿದಿರಾ? ನಾಣ್ಯ ಹಚ್ಚುತ್ತ, ಸ್ಕ್ರೂ ಬಿಗಿಯುತ್ತ, ರೆಕ್ಕೆ ಬಗ್ಗಿಸುತ್ತ ಎಲ್ಲ ಕೂಡಿಯೇ ಮಾಡಿದರೆ ಯಾವುದರಿಂದ ಗುಣ ಬಂತು ಎಂದು ತಿಳಿಯುವುದಿಲ್ಲ.

ಯಾವುದು ಮೆಕ್ಯಾನಿಕ್ ಕೆಲಸ?

ಸಪ್ಪಳ ಕೇಳಿರಿ. "ಕರಕರ" ಎಂದರೆ ಬೇರಿಂಗು ಕೆಟ್ಟಿರಬಹುದು. ಕರೆಂಟು ಬಂದ್ ಮಾಡಿ ಫ್ಯಾನನ್ನು ಕೈಯಿಂದ ತಿರುಗಿಸಿರಿ. ಮೆತ್ತಗೆ ತಿರುಗಿ ತಾನೇ ನಿಲ್ಲಬೇಕು. ಉಸುಕು ಅರೆದ ಹಾಗೆ ಆದರೆ ಬೇರಿಂಗು ಬದಲಿಸಬೇಕು.

ಫ್ಯಾನು ನಡುಗುವುದಿಲ್ಲ, ಆದರೆ ನಿಧಾನ ತಿರುಗುತ್ತದೆ. ಅಥವಾ "ಗುಂಯ್" ಎಂದು ನಿಂತೇ ಇರುತ್ತದೆ, ಕೈ ಹಚ್ಚಿ ನೂಕಿದರೆ ಮಾತ್ರ ತಿರುಗುತ್ತದೆ. ಇದು ಬೇರೆ ರೋಗ. ಇದಕ್ಕೆ ಬಹಳ ಸಲ ಕಂಡೆನ್ಸರ್ ಕಾರಣ. ಕಂಡೆನ್ಸರಿನಲ್ಲಿ ಕರೆಂಟು ಬಂದ್ ಆದ ಮೇಲೂ ಸ್ವಲ್ಪ ಶಕ್ತಿ ಉಳಿದಿರುತ್ತದೆ. ಅದನ್ನು ನೀವು ಮುಟ್ಟಬೇಡಿರಿ.

ಈಗ ರಿಮೋಟಿನ ಹೊಸ ಫ್ಯಾನುಗಳೂ ಬಂದಿವೆ. ಅವುಗಳ ಮೋಟರಿನಲ್ಲಿ ಬೇರೆ ತರಹದ ಸರ್ಕಿಟ್ ಇರುತ್ತದೆ. ಅದನ್ನು ಬಿಚ್ಚಬೇಡಿರಿ. ಆದರೆ ಹುಕ್ಕು, ಪಿನ್ನು, ಸ್ಕ್ರೂ, ರೆಕ್ಕೆಯ ಲೆಕ್ಕ ಅವುಗಳಿಗೂ ಇದೇ.

ಮೆಕ್ಯಾನಿಕ್ ಬಂದಾಗ ನಿಮ್ಮ ವಹಿ ತೋರಿಸಿರಿ. "ಧೂಳು ತೆಗೆದೆವು, ಸ್ಕ್ರೂ ಬಿಗಿದೆವು, ಎತ್ತರ ಅಳೆದೆವು. ಕರಕರ ಸಪ್ಪಳ ಹೋಗಲಿಲ್ಲ" ಎಂದು ಹೇಳಿರಿ. ಆಗ ಅವರು ನೇರವಾಗಿ ಬೇರಿಂಗು ನೋಡುತ್ತಾರೆ. ಬೇಡದ ಸಾಮಾನು ಬದಲಿಸಿ ರೊಕ್ಕ ಹಾಳಾಗುವುದಿಲ್ಲ. ನೀವು ಕಲಿತ ಅಕ್ಷರ ಇಲ್ಲಿ ಕೆಲಸಕ್ಕೆ ಬಂತು.

ಹೆಲಿಕಾಪ್ಟರಿಗೂ ಇದೇ ಲೆಕ್ಕ

ಆಕಾಶದಲ್ಲಿ ಹೆಲಿಕಾಪ್ಟರ್ ನೋಡಿದ್ದೀರಿ. ಅದರ ತಲೆಯ ಮೇಲೆ ದೊಡ್ಡ ರೆಕ್ಕೆ ತಿರುಗುತ್ತದೆ. ಅದರದೇ ಸಣ್ಣ ಮಾದರಿ ಮಾಡಿ ರೇಡಿಯೊ ರಿಮೋಟಿನಿಂದ ಹಾರಿಸುವವರು ಇದ್ದಾರೆ. ಆ ಮಾದರಿಯ ರೆಕ್ಕೆ ನಿಮಿಷಕ್ಕೆ 2000 ಸುತ್ತಿನ ಆಸುಪಾಸು ತಿರುಗುತ್ತದೆ. ಅದು ನಡುಗಿದರೆ ಅವರು ಏನು ಮಾಡುತ್ತಾರೆ?

ನೀವು ಮಾಡಿದ್ದನ್ನೇ ಮಾಡುತ್ತಾರೆ. ಸ್ಕ್ರೂ ನೋಡುತ್ತಾರೆ. ನಡುವಿನ ರಾಡು ಬಾಗಿದೆಯೇ ನೋಡುತ್ತಾರೆ. ಎರಡು ರೆಕ್ಕೆ ತೂಗಿ ಹಗುರಾದ ರೆಕ್ಕೆಗೆ ಟೇಪು ಹಚ್ಚುತ್ತಾರೆ. ಎರಡು ರೆಕ್ಕೆಯ ತುದಿಗೆ ಎರಡು ಬಣ್ಣದ ಟೇಪು ಹಚ್ಚಿ, ದೂರ ನಿಂತು ಬದಿಯಿಂದ ನೋಡುತ್ತಾರೆ. ಎರಡು ಬಣ್ಣ ಒಂದೇ ಗೆರೆಯಾಗಿ ಕಂಡರೆ ಎತ್ತರ ಸರಿ. ಮೇಲೊಂದು ಕೆಳಗೊಂದು ಗೆರೆ ಕಂಡರೆ ತಪ್ಪು. ನೀವು ಕೋಲು ಹಿಡಿದು ಅಳೆದದ್ದೂ ಇದನ್ನೇ.

ಹಿಟ್ಟಿನ ಗಿರಣಿ, ನೀರಿನ ಪಂಪು, ಔಷಧ ಹೊಡೆಯುವ ಡ್ರೋನು, ಯಾವುದೇ ಇರಲಿ. ತಿರುಗುವ ವಸ್ತು ನಡುಗಿದರೆ ಕೇಳಬೇಕಾದ ಪ್ರಶ್ನೆ ಇವೇ. ಹಿಡಿದ ಜಾಗ ಗಟ್ಟಿ ಇದೆಯೇ? ಭಾರ ಸಮ ಇದೆಯೇ? ಬಾಗಿದ್ದು ಏನಾದರೂ ಇದೆಯೇ? ಬೇರಿಂಗು ಸವೆದಿದೆಯೇ?

ಅತ್ತೆ ಸೊಸೆಯ ಮನೆಗೆ ತಿರುಗಿ ಹೋಗೋಣ. ಮರುದಿನ ಮುಂಜಾನೆ ಮೇನ್ ಬಂದ್ ಮಾಡಿ ಸೊಸೆ ಏಣಿ ಹತ್ತಿದಳು. ಅತ್ತೆ ಏಣಿ ಹಿಡಿದು ನಿಂತಳು. ಮೇಲಿನ ಬಟ್ಟಲು ಕೆಳಗೆ ಸರಿಸಿದಳು. ಬೋಲ್ಟಿನ ತೂತು ಖಾಲಿ ಇತ್ತು. ಪಿನ್ನು ಇರಲಿಲ್ಲ. ನಟ್ಟು ಕೊನೆಯ ಎರಡು ಆಟೆಯ ಮೇಲೆ ನಿಂತಿತ್ತು.

"ಯವ್ವಾ! ಕೂಸಿನ ತೊಟ್ಟಿಲಾ ಇದರ ಕೆಳಗ ಇತ್ತಲ್ಲೇ" ಎಂದಳು ಅತ್ತೆ.

ನಿಮ್ಮ ಮನೆಯ ಫ್ಯಾನಿನ ಪಿನ್ನು ಇದೆಯೇ? ನಾಳೆ ಮುಂಜಾನೆ ಬೆಳಕಿನಲ್ಲಿ ನೋಡಿರಿ.

ಉತ್ತರ ಹೇಳಿರಿ

1. ಫ್ಯಾನು ಮುಟ್ಟುವ ಮೊದಲು ಗೋಡೆಯ ಸ್ವಿಚ್ಚು ಬಂದ್ ಮಾಡಿದರೆ ಸಾಕೇ? ಯಾಕೆ?
2. ಬೋಲ್ಟಿಗೆ ಸ್ಪ್ಲಿಟ್ ಪಿನ್ನು ಏಕೆ ಬೇಕು?
3. ಎರಡು ರೆಕ್ಕೆ ಅದಲುಬದಲು ಮಾಡಿದಾಗ ದೋಷ ಅದೇ ಜಾಗದಲ್ಲಿ ಉಳಿಯಿತು. ಕೆಟ್ಟದ್ದು ಯಾವುದು?
4. ನಿಮ್ಮ ಮನೆಯ ಫ್ಯಾನಿನ ತಪಾಸಣೆ ಮಾಡಿರಿ. ಏನು ಕಂಡಿತು ಎಂದು ವಹಿಯಲ್ಲಿ 5 ಸಾಲು ಬರೆಯಿರಿ.